ನಷ್ಟ ಯಾರ ಖಾತೆಗೆ? ಬೆಂಗಳೂರಿನ ಗೆಳೆಯನಿಗೆ ಕಲಬುರಗಿ ಗಂಜಿನಿಂದ ಒಂದು ಪತ್ರ

ಪ್ರೀತಿಯ ದೋಸ್ತ,

ನಿನ್ನ ಉದ್ದನೆಯ ಮೆಸೇಜು ಓದಿದೆ. ಮೊಬೈಲಿನಲ್ಲೇ ಉತ್ತರ ಒತ್ತುತ್ತಾ ಕೂತರೆ ಹೆಬ್ಬೆರಳು ಹೋಗುತ್ತದೆ, ಅದಕ್ಕೇ ಈ ಪತ್ರ. ನಮ್ಮ ಕಾಲೇಜಿನ ಗೆಳೆಯರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ, ಸಿಟ್ಟು ಮಾಡ್ಕೋಬೇಡ. ನಿನ್ನ ಹೆಸರು ಎಲ್ಲೂ ಬರೆದಿಲ್ಲ.

ನೀನು ಹೇಳಿದ್ದು ಇಷ್ಟು. ಬಸ್ಸು, ಅಕ್ಕಿ, ಕರೆಂಟು ಪುಕ್ಕಟೆ ಕೊಟ್ಟು ಸರ್ಕಾರ ಜನರನ್ನು ಸೋಮಾರಿ ಮಾಡಿದೆ. ಎಲ್ಲವನ್ನೂ ಮಾರುಕಟ್ಟೆಗೆ ಬಿಟ್ಟುಬಿಡಬೇಕು. ಸಮಾಜವಾದ ಅನ್ನೋದು 1991ರಲ್ಲಿ ಸೋವಿಯತ್ ಒಕ್ಕೂಟದ ಜೊತೆಗೇ ಮಣ್ಣಾಯಿತು. ಅದೇ ವಾರ ನಮ್ಮ ತಂಗಿಯ ಮಗ ಮನೆಗೆ ಬಂದಿದ್ದ. ಇಲ್ಲೇ ಎಂ.ಎ. ಓದುತ್ತಾನೆ. ಅವನದು ಪೂರಾ ಉಲ್ಟಾ: ವ್ಯಾಪಾರಿಗಳೆಲ್ಲ ಕಳ್ಳರು, ಕಾರ್ಖಾನೆ, ಅಂಗಡಿ, ಆಸ್ಪತ್ರೆ ಎಲ್ಲಾ ಸರ್ಕಾರದ್ದೇ ಆಗಬೇಕು ಮಾಮಾ ಅಂದ. ವ್ಯಾಪಾರಿ ಕೊಟ್ಟ ಪಗಾರದಲ್ಲಿ ತಂದ ಬೇಳೆಯ ಸಾರು ಉಣ್ಣುತ್ತಲೇ ಅಂದ, ಅದು ಬೇರೆ ಮಾತು. ನಿಮ್ಮಿಬ್ಬರನ್ನೂ ಒಂದು ದಿನ ನಮ್ಮ ಅಂಗಡಿಯ ಗಾದಿಯ ಮೇಲೆ ಕೂರಿಸಬೇಕು ಅನ್ನಿಸಿತು.

ನಾನು ಅರ್ಥಶಾಸ್ತ್ರ ಓದಿದವನಲ್ಲ, ನಿನಗೇ ಗೊತ್ತು. ಗಂಜಿನಲ್ಲಿ, ಅಂದರೆ ಇಲ್ಲಿಯ ಧಾನ್ಯದ ಸಗಟು ಮಾರುಕಟ್ಟೆಯಲ್ಲಿ, ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಕೊಡುವ ಅಡತ್ ಅಂಗಡಿಯ ಲೆಕ್ಕ ಬರೆಯುವವನು. ಈ ಕೆಲಸದಿಂದ ಒಂದು ಚಟ ಅಂಟಿಕೊಂಡಿದೆ. ಯಾವ ದೊಡ್ಡ ಮಾತು ಕೇಳಿದರೂ, ಇದರಲ್ಲಿ ನಷ್ಟ ಆದರೆ ಯಾರ ಖಾತೆಗೆ ಬರೆಯಬೇಕು ಅಂತ ನೋಡುತ್ತೇನೆ. ಲಾಭ ಯಾರಿಗೆ ಅಂತ ಎಲ್ಲರೂ ಜಗಳ ಆಡುತ್ತಾರೆ. ನಷ್ಟದ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ.

ತೊಗರಿಯಿಂದಲೇ ಶುರು ಮಾಡುತ್ತೇನೆ. 2015ರಲ್ಲಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತ್ತಲ್ಲ, ಆಗ ನೀನು ಫೋನ್ ಮಾಡಿ ‘ನಿಮ್ಮ ರೈತರೆಲ್ಲ ಸಾವುಕಾರರಾದರು ಬಿಡು’ ಅಂದಿದ್ದೆ. ಆ ಬೆಲೆ ನೋಡಿ ಮುಂದಿನ ವರ್ಷ ಕಂಡಕಂಡವರೆಲ್ಲ ತೊಗರಿ ಬಿತ್ತಿದರು. ಮಳೆಯೂ ಕೈ ಹಿಡಿಯಿತು. ಅಷ್ಟರಲ್ಲಿ ಕೇಂದ್ರ ಸರ್ಕಾರ 2016ರ ಜುಲೈನಲ್ಲಿ ಮೊಜಾಂಬಿಕ್‌ನಿಂದ ತೊಗರಿ ತರಿಸುವ ಒಪ್ಪಂದ ಮಾಡಿಕೊಂಡಿತ್ತು. 2017ರ ಸುಗ್ಗಿ ಹೊತ್ತಿಗೆ ಗಂಜಿನಲ್ಲಿ ಕಾಲಿಡಲು ಜಾಗ ಇಲ್ಲ, ಅಷ್ಟು ಚೀಲ. ಬೆಂಬಲ ಬೆಲೆ ಬೋನಸ್ಸು ಸೇರಿ ಕ್ವಿಂಟಲಿಗೆ 5050 ಇತ್ತು. ಗಂಜಿನ ರೇಟು ಅದಕ್ಕಿಂತ ಕೆಳಗೆ ಬಿದ್ದಿತ್ತು.

ಇದು ಒಂದೇ ಸಲದ ಕಥೆಯಲ್ಲ. ತೊಗರಿ ಆಮದನ್ನು 2021ರ ಮೇ ತಿಂಗಳಲ್ಲಿ ಮುಕ್ತ ಮಾಡಿದರು. ಆಮೇಲೆ ಅವಧಿ ಮುಗಿದಾಗಲೆಲ್ಲ ಅದನ್ನೇ ಮುಂದುವರಿಸುತ್ತಾ ಬಂದರು. ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾ, ಮಲಾವಿ ಕಡೆಯಿಂದ ಮಾಲು ಬರುತ್ತದೆ. 2023ರ ಜೂನ್‌ನಲ್ಲಿ ಬೆಲೆ ಏರತೊಡಗಿದಾಗ ವ್ಯಾಪಾರಿಗಳು, ಮಿಲ್ಲಿನವರು ಇಷ್ಟಕ್ಕಿಂತ ಜಾಸ್ತಿ ದಾಸ್ತಾನು ಇಡಬಾರದು ಅಂತ ಮಿತಿ ಹಾಕಿದರು. ಅದಕ್ಕೆ ಆಧಾರ 1955ರ ಅಗತ್ಯ ವಸ್ತುಗಳ ಕಾಯ್ದೆ. 2024ರಲ್ಲಿ ಕ್ವಿಂಟಲ್ ತೊಗರಿ ಹತ್ತು ಸಾವಿರ ದಾಟಿತ್ತು. 2025ರ ಶುರುವಿಗೆ ಬೆಂಬಲ ಬೆಲೆ 7550ಕ್ಕಿಂತ ಕೆಳಗೆ ಬಂತು. ಆಗ ರಾಜ್ಯ ಸರ್ಕಾರ ಮೇಲೆ 450 ಸೇರಿಸಿ 8000 ಮಾಡಿತು.

ಈಗ ಹೇಳು, ಇದು ಬಂಡವಾಳಶಾಹಿಯೋ ಸಮಾಜವಾದವೋ? ಬೆಲೆ ಏರಿದಾಗ ಸರ್ಕಾರ ಓಡಿ ಬರುತ್ತದೆ, ಕಾಯ್ದೆ ತೆಗೆಯುತ್ತದೆ, ಹಡಗು ತರಿಸುತ್ತದೆ. ಆ ಹೊತ್ತಿಗೆ ಅದು ಸಮಾಜವಾದಿ. ಬೆಲೆ ಬಿದ್ದಾಗ ‘ಮಾರುಕಟ್ಟೆ ಅಂದಮೇಲೆ ಏರಿಳಿತ ಇರೋದೇ’ ಅನ್ನುತ್ತದೆ. ಆಗ ಅದು ಬಂಡವಾಳಶಾಹಿ. ಎರಡೂ ಸಲ ಪೆಟ್ಟು ಬಿತ್ತಿದವನಿಗೇ. ನಗರದವರಿಗೆ ಬೇಳೆ ಅಗ್ಗವಾಗಿ ಸಿಗಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಆ ಅಗ್ಗದ ಖರ್ಚನ್ನು ಆಳಂದದ ಐದೆಕರೆ ರೈತ ಯಾಕೆ ಭರಿಸಬೇಕು?

ಬೆಂಬಲ ಬೆಲೆ ಇದೆಯಲ್ಲ ಅನ್ನುತ್ತೀಯ. ಇದೆ, ಕಾಗದದ ಮೇಲೆ ಚೆನ್ನಾಗಿಯೇ ಇದೆ. ಮೊದಲು ಫ್ರೂಟ್ಸ್ ನಂಬರು, ಅಂದರೆ ಸರ್ಕಾರದ ರೈತರ ನೋಂದಣಿ ನಂಬರು ಬೇಕು, ಖಾತೆಗೆ ಆಧಾರ್ ಜೋಡಣೆ ಆಗಿರಬೇಕು, ಪಹಣಿಯಲ್ಲಿ ಬೆಳೆ ತೊಗರಿ ಅಂತಲೇ ಬಂದಿರಬೇಕು. ಕಾಳಿನ ತೇವ ಶೇ 12 ದಾಟಬಾರದು. ಎಕರೆಗೆ ಇಷ್ಟೇ ಅನ್ನುವ ಮಿತಿ. ಇಷ್ಟೆಲ್ಲ ಆಗಿ ಹಣ ಬರಲು ವಾರಗಟ್ಟಲೆ ಕಾಯಬೇಕು. ಹೋದ ಸುಗ್ಗಿಯಲ್ಲಿ ಒಬ್ಬರು ಹಿರಿಯರು ಬಂದಿದ್ದರು. ಟ್ರ್ಯಾಕ್ಟರಿನಲ್ಲಿ ಚೀಲ, ಕೈಯಲ್ಲಿ ನೋಂದಣಿ ಮಾಡಿಸಿದ ಚೀಟಿ. ಕಬ್ಬಿಣದ ಕೊಳವೆ ಚುಚ್ಚಿ ಕಾಳು ತೆಗೆದು ನೋಡಿದೆವು. ಒಳ್ಳೆ ಮಾಲು, ಒಣಗಿದ್ದು, ದಪ್ಪ ಕಾಳು. ‘ಇದನ್ನ ಸರ್ಕಾರದ ಖರೀದಿ ಕೇಂದ್ರಕ್ಕ ಹಾಕ್ರಿ ಕಾಕಾ, ರೇಟು ಜಾಸ್ತಿ ಸಿಗ್ತದ’ ಅಂತ ನಾನೇ ಹೇಳಿದೆ. ಅಂಗಡಿ ಮಾಲೀಕರಿಗೆ ಕೇಳಿಸಿದ್ದರೆ ನನ್ನ ಗತಿ ಏನಾಗುತ್ತಿತ್ತೋ! ಅವರು ನಕ್ಕು, ‘ಕೇಂದ್ರಕ್ಕ ಹಾಕಿದ್ರ ರೊಕ್ಕ ಯಾವಾಗ ಬರ್ತದೋ ಯಾರಿಗೆ ಗೊತ್ತಪಾ? ಸೋಮವಾರ ಮೊಮ್ಮಗಳ ಫೀಸ್ ಕಟ್ಟಬೇಕ’ ಅಂದರು. ಬೆಂಬಲ ಬೆಲೆಗಿಂತ ನಾನೂರು ಕಡಿಮೆಗೆ ಮಾರಿ, ಪಟ್ಟಿ ತಗೊಂಡು, ರೊಕ್ಕ ಎಣಿಸಿಕೊಂಡು ಹೋದರು. ಕಾಯುವ ಶಕ್ತಿ ಇರುವವನಿಗೆ ಮಾತ್ರ ಸರ್ಕಾರದ ಬೆಲೆ ಸಿಗುತ್ತದೆ. ಕಾಯುವ ಶಕ್ತಿ ಇರುವವನಿಗೆ ಅದು ಅಷ್ಟು ಬೇಕಾಗಿಯೂ ಇರುವುದಿಲ್ಲ.

ನಿನ್ನ ಮಾರುಕಟ್ಟೆಯ ಬಗ್ಗೆಯೂ ಒಂದು ಮಾತು. ನಮ್ಮ ಅಂಗಡಿಯ ತಕ್ಕಡಿಗೆ ತೂಕ ಮತ್ತು ಅಳತೆ ಇಲಾಖೆಯವರು ಬಂದು ಮುದ್ರೆ ಒತ್ತಿ ಹೋಗುತ್ತಾರೆ. ಆ ಮುದ್ರೆ ಇಲ್ಲದಿದ್ದರೆ ಯಾವ ರೈತನೂ ನಮ್ಮ ಕಟ್ಟೆ ಹತ್ತಲ್ಲ, ಯಾವ ಮಿಲ್ಲಿನವನೂ ನಮ್ಮ ಲೆಕ್ಕ ನಂಬಲ್ಲ. ಟೆಂಡರು ಈಗ ಆನ್‌ಲೈನ್ ಆಗಿದೆ, ಅದೂ ಸರ್ಕಾರ ಮಾಡಿದ ವ್ಯವಸ್ಥೆ. ಸರ್ಕಾರ ಕೈ ತೆಗೆದರೆ ಮಾರುಕಟ್ಟೆ ತಾನೇ ಅರಳುತ್ತದೆ ಅನ್ನುವವರು ಒಂದು ಸಲ ಗಂಜಿಗೆ ಬರಲಿ. ಹಾಗಂತ ನನ್ನ ಸೋದರಳಿಯನ ಮಾತೂ ಸರಿಯಲ್ಲ. ಸುಗ್ಗಿ ದಿನ ಇಲ್ಲಿ ಬರುವ ಸಾವಿರಾರು ಚೀಲಕ್ಕೆ ಸಂಜೆಯೊಳಗೆ ಗಿರಾಕಿ ಹುಡುಕಿ, ತೂಗಿ, ಲಾರಿ ತುಂಬಿಸಿ, ರೊಕ್ಕ ಎಣಿಸಿಕೊಡುವುದು ಯಾವ ಇಲಾಖೆಯಿಂದಲೂ ಆಗದ ಕೆಲಸ. ಮಾಸ್ಕೋದಲ್ಲಿ ಕೂತು ಇಡೀ ದೇಶದ ಬೆಲೆ ಗೊತ್ತುಮಾಡಲು ಹೊರಟವರ ಅಂಗಡಿಗಳ ಮುಂದೆ ಸಾಲು ಬೆಳೆದದ್ದು ಸುಮ್ಮನೆ ಅಲ್ಲ.

ಈಗ ನಿನ್ನ ಸಾಫ್ಟ್‌ವೇರ್ ಕಂಪನಿಗೆ ಬರೋಣ. ನಾಳೆ ಅದು ಮುಳುಗಿತು ಅಂತ ಇಟ್ಟುಕೋ, ಮುಳುಗದಿರಲಿ. ನೀನು ಶೇರಿಗೆ ಹಾಕಿದ ಹಣ ಹೋಗುತ್ತದೆ. ಸಾಲಕ್ಕೆ ಸ್ವಂತ ಜಾಮೀನು ಬರೆದುಕೊಡದಿದ್ದರೆ ನಿನ್ನ ಮನೆ ನಿನ್ನದೇ. ಇದು ಕಾನೂನು ನಿನಗೆ ಕೊಟ್ಟ ರಕ್ಷಣೆ. ಇಂಗ್ಲೆಂಡಿನಲ್ಲಿ 1855ರಲ್ಲಿ ಈ ಕಾಯ್ದೆ ಬಂದಾಗ, ಸಾಲ ಮಾಡಿದವ ಪೂರ್ತಿ ತೀರಿಸದೆ ಪಾರಾಗುವುದೇ ಅಂತ ಅಲ್ಲಿಯ ಎಷ್ಟೋ ಜನ ಬೊಬ್ಬೆ ಹಾಕಿದ್ದರು. ಬಂತು, ಒಳ್ಳೆಯದೇ ಆಯಿತು. ನಷ್ಟಕ್ಕೆ ಒಂದು ತಳ ಇದೆ ಅಂತ ಗೊತ್ತಾದ ಮೇಲೆ ಜನ ಧೈರ್ಯ ಮಾಡಿ ರೈಲು, ಗಿರಣಿ, ಗಣಿಗಳಿಗೆ ಹಣ ಹಾಕಿದರು. ಬಂಡವಾಳಶಾಹಿ ಬೆಳೆದದ್ದೇ ಸರ್ಕಾರ ಹಾಕಿಕೊಟ್ಟ ಈ ತಳದ ಮೇಲೆ. ದೊಡ್ಡವರಿಗೆ ಇನ್ನೂ ದಪ್ಪ ತಳ. 2008ರ ಅಕ್ಟೋಬರ್‌ನಲ್ಲಿ ಅಮೆರಿಕದ ಬ್ಯಾಂಕುಗಳು ಕುಸಿದಾಗ ಅಲ್ಲಿನ ಸಂಸತ್ತು 70 ಸಾವಿರ ಕೋಟಿ ಡಾಲರ್‌ವರೆಗೆ ಸರ್ಕಾರದ ಹಣ ಬಳಸಲು ಒಪ್ಪಿಗೆ ಕೊಟ್ಟಿತು. ಆಗ ಯಾರೂ ಬ್ಯಾಂಕಿನವರು ಸೋಮಾರಿಗಳಾಗುತ್ತಾರೆ ಅಂತ ಚಿಂತೆ ಮಾಡಿ ಬಾಗಿಲು ಮುಚ್ಚಲಿಲ್ಲ.

ತೊಗರಿ ಬೆಳೆಯುವವನೂ ಉದ್ಯಮಿಯೇ ಅಲ್ವಾ? ಬೀಜ, ಗೊಬ್ಬರ, ಔಷಧಕ್ಕೆ ಮುಂಚೆಯೇ ಹಣ ಹಾಕುತ್ತಾನೆ. ಜೂನ್‌ನಲ್ಲಿ ಬಿತ್ತಿ ಜನವರಿವರೆಗೆ ಕಾಯುತ್ತಾನೆ. 2022ರಲ್ಲಿ ನೆಟೆ ರೋಗ ಬಂದು, ಕಾಯಿ ಕಟ್ಟಿದ ಗಿಡ ನಿಂತಲ್ಲೇ ಒಣಗಿದ್ದನ್ನು ನೀನು ಊರಿಗೆ ಬಂದಾಗ ನೋಡಿದ್ದೆ. ಅವನ ನಷ್ಟಕ್ಕೆ ತಳ ಇಲ್ಲ. ಬೆಳೆ ಹೋದರೆ ಎತ್ತು, ಎತ್ತು ಹೋದರೆ ಹೊಲ, ಆಮೇಲೆ ಹೆಂಡತಿಯ ಕೊರಳಿನದು. ಕೊನೆಗೆ ಕೆಲವರು ತಮ್ಮ ಜೀವವನ್ನೇ ಬಿಟ್ಟರು, ಆ ಮನೆಗಳನ್ನು ನಾವಿಬ್ಬರೂ ಬಲ್ಲೆವು. ಬೆಳೆ ವಿಮೆ 2016ರಿಂದ ಹೊಸ ರೂಪದಲ್ಲಿ ಬಂದಿದೆ. ಮುಂಗಾರು ಬೆಳೆಗೆ ರೈತ ಕಟ್ಟುವುದು ವಿಮಾ ಮೊತ್ತದ ಶೇ 2, ಉಳಿದದ್ದು ಸರ್ಕಾರಗಳದ್ದು. ವಿಚಾರ ಒಳ್ಳೆಯದು. ಆದರೆ ಇಳುವರಿ ಲೆಕ್ಕ ಹಾಕುವುದು ಪಂಚಾಯಿತಿಯ ಸರಾಸರಿ ಮೇಲೆ. ನಿನ್ನ ಹೊಲ ಪೂರಾ ಹೋಗಿ ಉಳಿದವರದು ಬದುಕಿದರೆ, ಸರಾಸರಿ ಚೆನ್ನಾಗಿದೆ ಅಂತ ನಿನಗೆ ಏನೂ ಬರುವುದಿಲ್ಲ. ಆಲಿಕಲ್ಲು, ನೆರೆ ಥರದ್ದಾದರೆ ಒಂಟಿ ಹೊಲಕ್ಕೂ ಸಿಗುತ್ತದೆ, ಅದೂ 72 ಗಂಟೆಯೊಳಗೆ ತಿಳಿಸಿದರೆ.

ನಾನು ಹೇಳಬೇಕಾದದ್ದು ಇಷ್ಟೇ, ಉಳಿದದ್ದೆಲ್ಲ ಇದರ ವಿವರ. ಸರ್ಕಾರ ಎಷ್ಟು ಇರಬೇಕು, ಮಾರುಕಟ್ಟೆ ಎಷ್ಟು ಇರಬೇಕು ಅಂತ ಅಳೆಯುತ್ತಾ ಕೂರೋದು ಬಿಡು. ದುಡಿಯುವ ಪ್ರತಿಯೊಬ್ಬನ ನಷ್ಟಕ್ಕೂ ಒಂದು ತಳ ಇದೆಯಾ ಅಂತ ನೋಡು. ನಿನಗೆ ಆ ತಳ ಕೊಟ್ಟರೆ ಉದ್ಯಮಕ್ಕೆ ಪ್ರೋತ್ಸಾಹ, ನಮ್ಮ ಹಮಾಲನಿಗೆ ಕೊಟ್ಟರೆ ಬಿಟ್ಟಿ ಭಾಗ್ಯ. ಈ ಲೆಕ್ಕ ನನಗೆ ತಾಳೆ ಆಗುವುದಿಲ್ಲ.

ಆದರೆ ನಷ್ಟ ಯಾರಿಗೂ ತಟ್ಟದ ಹಾಗೆ ಮಾಡಿದರೂ ಕೆಡುತ್ತದೆ. ನನ್ನ ಅಳಿಯನಿಗೆ ಎಂಎಸ್‌ಕೆ ಮಿಲ್ಲಿನ ಕಥೆ ಹೇಳಿದೆ. ನಿಜಾಮರ ಕಾಲದಲ್ಲಿ, 19ನೇ ಶತಮಾನದ ಕೊನೆಗೆ ಶುರುವಾದ ಬಟ್ಟೆ ಗಿರಣಿ ಅದು. ಆಮೇಲೆ ರಾಷ್ಟ್ರೀಯ ಜವಳಿ ನಿಗಮದ ಕೈಗೆ ಬಂತು. ದೇಶದ ತುಂಬ ರೋಗ ಹಿಡಿದ ಗಿರಣಿಗಳನ್ನು ಸರ್ಕಾರ 1974ರ ಕಾಯ್ದೆಯಿಂದ ತನ್ನದಾಗಿಸಿಕೊಂಡ ಕಾಲ. ಉದ್ದೇಶ ಒಳ್ಳೆಯದೇ, ಕಾರ್ಮಿಕರು ಬೀದಿಗೆ ಬೀಳಬಾರದು. ಆದರೆ ಹಳೆ ಮಗ್ಗ ಬದಲಾಯಿಸಬೇಕು, ಬಟ್ಟೆ ಮಾರಾಟ ಆಗಬೇಕು ಅಂತ ರಾತ್ರಿ ನಿದ್ದೆಗೆಡುವ ಒಬ್ಬ ಇರಬೇಕಲ್ಲ? ಗಿರಣಿ ಮುಚ್ಚಿತು. ಈಗ ಎಂಎಸ್‌ಕೆ ಮಿಲ್ ಅನ್ನೋದು ಆಟೋದವನಿಗೆ ಹೇಳುವ ಬಡಾವಣೆಯ ಹೆಸರು. ಈ ಊರಿಗೇ 2023ರಲ್ಲಿ ಪಿಎಂ ಮಿತ್ರ ಜವಳಿ ಪಾರ್ಕ್ ಘೋಷಣೆಯಾಗಿದೆ. ಸಾವಿರ ಎಕರೆ ಜಮೀನು, ರಸ್ತೆ, ನೀರು ಸರ್ಕಾರದ ಕಡೆಯಿಂದ, ಕಾರ್ಖಾನೆ ಹಾಕುವುದು ಖಾಸಗಿಯವರು. ಈ ಸಲ ಗಿರಣಿ ನಡೆಸುವ ತಲೆನೋವು ಸರ್ಕಾರ ಹೊತ್ತಿಲ್ಲ, ಜಾಣತನ. ಅಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವ ನಮ್ಮ ಹುಡುಗಿಯರಿಗೆ ಏನು ಬರೆದುಕೊಡುತ್ತಾರೆ ಅನ್ನೋದನ್ನು ನಾನು ಕಾದು ನೋಡುತ್ತಿದ್ದೇನೆ.

ಬಸ್ಸಿನ ವಿಚಾರ. ನಮ್ಮ ಅಂಗಡಿಗೆ ಕಾಳು ಹಸನು ಮಾಡಲು ಹಳ್ಳಿಯಿಂದ ಹೆಣ್ಣುಮಕ್ಕಳು ಬರುತ್ತಾರೆ. 2023ರ ಜೂನ್ 11ರಂದು ಹೆಂಗಸರಿಗೆ ಪುಕ್ಕಟೆ ಬಸ್ಸಿನ ಶಕ್ತಿ ಯೋಜನೆ ಶುರುವಾಗುವ ಮೊದಲು ಅವರ ಕೂಲಿಯಲ್ಲಿ ದೊಡ್ಡ ಪಾಲು ಟಿಕೆಟಿಗೇ ಹೋಗುತ್ತಿತ್ತು. ಈಗ ಮೊದಲಿಗಿಂತ ದೂರದ ಹಳ್ಳಿಯವರೂ ಬರುತ್ತಾರೆ. ಸೋಮಾರಿಗಳಾಗಿದ್ದರೆ ಮನೆಯಲ್ಲೇ ಇರುತ್ತಿದ್ದರು. ನಿನ್ನ ಮೆಸೇಜನ್ನು ಅವರಲ್ಲಿ ಒಬ್ಬರಿಗೆ ಓದಿ ಹೇಳಿದೆ. ‘ಆ ಅಣ್ಣಾಗ ಒಂದು ದಿನ ಇಲ್ಲಿ ಕುಂತು ಕಾಳು ಆರಿಸಲಿಕ್ಕ ಹೇಳ್ರಿ’ ಅಂದರು, ತಲೆ ಎತ್ತದೆ. ಆದರೆ ಅದೇ ರಸ್ತೆಯಲ್ಲಿ ಟಂಟಂ ಆಟೋ ಓಡಿಸುತ್ತಿದ್ದವನ ಕಂತು ತುಂಬುವುದು ಕಷ್ಟವಾಯಿತು. ಅವನ ಸವಾರಿಯಲ್ಲಿ ಜಾಸ್ತಿ ಇದ್ದವರು ಹೆಂಗಸರೇ. ಯೋಜನೆ ಬರೆದವರು ಅವನ ಹೆಸರಿನಲ್ಲಿ ಒಂದು ಸಾಲೂ ಬರೆಯಲಿಲ್ಲ. ಸಮಾಜವಾದ ಮಾಡುವಾಗಲೂ ನಷ್ಟ ಬಡವನ ಖಾತೆಗೇ ಬರೆದರೆ ಏನು ಬಂತು? ಇದನ್ನು ನೀನು ಕೇಳಿದ್ದರೆ ಮೆಚ್ಚುತ್ತಿದ್ದೆ. ನೀನು ಕೇಳಿದ್ದು ನಿನ್ನ ತೆರಿಗೆಯ ಬಗ್ಗೆ ಮಾತ್ರ.

ನಮ್ಮ ಕಡೆ ಇಂಥ ಚರ್ಚೆ ಬಂದರೆ ಸಾಕು, ವೇದಿಕೆಯ ಮೇಲಿನವರು ಬಸವಣ್ಣ, ಕಾಯಕ, ದಾಸೋಹ ಅಂತ ಹೇಳಿ ಚಪ್ಪಾಳೆ ಗಿಟ್ಟಿಸಿ ಇಳಿದುಬಿಡುತ್ತಾರೆ. ಕಲ್ಯಾಣ ನಮ್ಮ ಪಕ್ಕದ ಬೀದರ ಜಿಲ್ಲೆಯಲ್ಲೇ ಇದೆ, ನನಗೂ ಅಭಿಮಾನ ಇದೆ. ಆದರೆ ದಾಸೋಹ ನಿಂತಿರುವುದು ಕೊಡುವವನ ಮನಸ್ಸಿನ ಮೇಲೆ. ರೇಷನ್ ಕಾರ್ಡು ಹಿಡಿದವನು ಯಾರ ಮನಸ್ಸನ್ನೂ ನೋಡಬೇಕಿಲ್ಲ. ಅಂಗಡಿಯವನು ಕೊಡದಿದ್ದರೆ ದೂರು ಬರೆಯಬಹುದು.

ನಮ್ಮೂರಿನ ಹೊಸ ಜಯದೇವ ಹೃದ್ರೋಗ ಆಸ್ಪತ್ರೆ ನೋಡಿದೆಯಾ? 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಯಿತು. 371 ಹಾಸಿಗೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿಯ ನೆನಪಿಗೆ ಅಷ್ಟೇ ಹಾಸಿಗೆ ಇಟ್ಟಿದ್ದಾರೆ, ರಾಜಕಾರಣಿಗಳಿಗೂ ಒಮ್ಮೊಮ್ಮೆ ಕವಿತೆ ಹೊಳೆಯುತ್ತದೆ. ಅದು ಸರ್ಕಾರದ ಸಂಸ್ಥೆ, ಆದರೆ ಸ್ವಾಯತ್ತ. ಕೊಡುವ ಶಕ್ತಿ ಇದ್ದವರು ಕೊಡುತ್ತಾರೆ, ಇಲ್ಲದವರಿಗೆ ಸರ್ಕಾರದ ಯೋಜನೆಗಳಿವೆ. ಎದೆ ನೋವು ಅಂದರೆ ಸೊಲ್ಲಾಪುರವೋ ಹೈದರಾಬಾದೋ ಅಂತ ಗಾಡಿ ಹುಡುಕುತ್ತಿದ್ದ ಊರಿದು. ಇದರ ಹಣೆಯ ಮೇಲೆ ಯಾವ ವಾದದ ಚೀಟಿ ಅಂಟಿಸಬೇಕು ಅಂತ ನೀವಿಬ್ಬರೂ ಜಗಳ ಆಡಿಕೊಳ್ಳಿ.

ಚೀಟಿಯ ಮಾತು ಬಂದಾಗ ಅಂಬೇಡ್ಕರ್ ನೆನಪಾಗುತ್ತಾರೆ. 1948ರ ನವೆಂಬರ್ 15ರಂದು ಸಂವಿಧಾನ ಸಭೆಯಲ್ಲಿ ಸದಸ್ಯ ಕೆ.ಟಿ. ಷಾ ಅವರು ‘ಸಮಾಜವಾದಿ’ ಅಂತ ಸಂವಿಧಾನದಲ್ಲೇ ಸೇರಿಸೋಣ ಅಂದರು. ನಮ್ಮ ಭಾಗ ನಿಜಾಮರಿಂದ ಬಿಡುಗಡೆಯಾಗಿ ಆಗ ಎರಡು ತಿಂಗಳೂ ತುಂಬಿರಲಿಲ್ಲ. ಅಂಬೇಡ್ಕರ್ ಒಪ್ಪಲಿಲ್ಲ. ಸಮಾಜವನ್ನು ಹೇಗೆ ಕಟ್ಟಿಕೊಳ್ಳಬೇಕು ಅನ್ನುವುದನ್ನು ಆಯಾ ಕಾಲದ ಜನ ತಾವೇ ತೀರ್ಮಾನಿಸಲಿ, ಈಗಲೇ ಅವರ ಕೈ ಕಟ್ಟುವುದು ಬೇಡ ಅಂದರು. ಬೇಕಾದ ಅಂಶಗಳು ನಿರ್ದೇಶಕ ತತ್ವಗಳಲ್ಲಿ ಇದ್ದೇ ಇವೆ ಅಂತಲೂ ಹೇಳಿದರು. ಆ ಶಬ್ದ ಪ್ರಸ್ತಾವನೆಗೆ ಬಂದದ್ದು ತುರ್ತುಪರಿಸ್ಥಿತಿಯಲ್ಲಿ, 1976ರ 42ನೇ ತಿದ್ದುಪಡಿಯಿಂದ. ಅದನ್ನು ತೆಗೆಯಿರಿ ಅಂದವರ ಅರ್ಜಿಗಳನ್ನು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ತಳ್ಳಿಹಾಕಿತು. ಅದೇ 42ನೇ ತಿದ್ದುಪಡಿ 43ಎ ಅನ್ನುವ ವಿಧಿಯನ್ನೂ ತಂದಿತು: ಕಾರ್ಖಾನೆಯ ಆಡಳಿತದಲ್ಲಿ ಕಾರ್ಮಿಕರಿಗೆ ಪಾಲು ಸಿಗುವಂತೆ ಸರ್ಕಾರ ಕ್ರಮ ತೆಗೆದುಕೊಳ್ಳಬೇಕು. ಬರೀ ನಿರ್ದೇಶನ, ಕೋರ್ಟಿಗೆ ಹೋಗಿ ಕೇಳುವ ಹಾಗಿಲ್ಲ. ಅದೇ 1976ರಲ್ಲಿ ಪಶ್ಚಿಮ ಜರ್ಮನಿ ಕಾನೂನೇ ಮಾಡಿತು. 2000ಕ್ಕಿಂತ ಹೆಚ್ಚು ನೌಕರರಿರುವ ಕಂಪನಿಗಳ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧ ಕುರ್ಚಿ ನೌಕರರಿಗೆ. ಸಮ ಸಮ ಮತ ಬಿದ್ದರೆ ಕೊನೆಯ ಮತ ಅಧ್ಯಕ್ಷರದು, ಅವರು ಸಾಮಾನ್ಯವಾಗಿ ಮಾಲೀಕರ ಕಡೆಯವರು. ಹಾಗಿದ್ದರೂ ಬಾಗಿಲು ಮುಚ್ಚುವ ಮಾತು ಬಂದಾಗ ಆ ಕೋಣೆಯೊಳಗೆ ಅವರೂ ಇರುತ್ತಾರೆ. ಜರ್ಮನಿಯ ಕಾರುಗಳು ಇದರಿಂದ ಕೆಟ್ಟದಾಗಲಿಲ್ಲ.

ಈಗ ನಿನ್ನ ಸಿಟ್ಟಿನ ನಿಜವಾದ ಕಾರಣಕ್ಕೆ ಬರುತ್ತೇನೆ. ಡೆಲಿವರಿ ಆಪ್‌ಗಳಿಗೆ ಸಾಫ್ಟ್‌ವೇರ್ ಮಾಡುವವನು ನೀನು. ಆಪ್‌ಗಳ ಮೂಲಕ ದುಡಿಯುವ ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ತಂದ ಕಾಯ್ದೆ ನಿನಗೆ ಚುಚ್ಚಿದೆ. ಪ್ರತಿ ಆರ್ಡರಿಗೆ ಡೆಲಿವರಿ ಹುಡುಗನಿಗೆ ಕೊಡುವ ಹಣದ ಮೇಲೆ ಶೇ 1ರಿಂದ 5ರಷ್ಟು ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು ಅನ್ನುತ್ತದೆ ಅದು. ಯಾದಗಿರಿ, ಸುರಪುರ, ಅಫಜಲಪುರ ಕಡೆಯಿಂದ ಗುಳೆ ಹೋದ ಎಷ್ಟು ಹುಡುಗರು ನಿಮ್ಮ ಬೆಂಗಳೂರಿನಲ್ಲಿ ಆ ಚೀಲ ಹೊತ್ತಿದ್ದಾರೆ! ಗಾಡಿ ಅವನದು, ಪೆಟ್ರೋಲ್ ಅವನದು, ಬಿದ್ದರೆ ಕಾಲು ಅವನದು. ಇಷ್ಟಾದ ಮೇಲೆ ಅವನನ್ನು ನೌಕರ ಅನ್ನಲ್ಲ, ಪಾಲುದಾರ ಅನ್ನುತ್ತೀರಿ. ನಷ್ಟ ಪೂರಾ ಅವನ ಖಾತೆಗೆ ಬರೆದು, ಲಾಭದ ಪುಟ ಅವನಿಗೆ ತೋರಿಸದ ಪಾಲುದಾರಿಕೆಯನ್ನು ನಮ್ಮ ಗಂಜಿನಲ್ಲಿ ಯಾರೂ ಒಪ್ಪುವುದಿಲ್ಲ.

ಹಣ ಎಲ್ಲಿಂದ ತರೋದು ಅಂತ ಕೇಳಿದ್ದೀಯ. ಸರಿಯಾದ ಪ್ರಶ್ನೆ. 1953ರಿಂದ 1985ರವರೆಗೆ ನಮ್ಮಲ್ಲಿ ಎಸ್ಟೇಟ್ ಡ್ಯೂಟಿ ಅಂತ ಇತ್ತು, ದೊಡ್ಡ ಆಸ್ತಿ ಬಿಟ್ಟು ಸತ್ತವರ ಮೇಲಿನ ತೆರಿಗೆ. ತೆಗೆದರು. ಸಂಪತ್ತು ತೆರಿಗೆಯನ್ನು 2015ರ ಬಜೆಟ್ಟಿನಲ್ಲಿ ತೆಗೆದರು. ಕಂಪನಿಗಳ ತೆರಿಗೆಯನ್ನು 2019ರಲ್ಲಿ, ರಿಯಾಯಿತಿ ಬಿಡುವವರಿಗೆ, ಶೇ 30ರಿಂದ 22ಕ್ಕೆ ಇಳಿಸಿದರು. ಸೋಪಿಗೆ ನಮ್ಮ ಹಮಾಲನೂ ನೀನೂ ಕಟ್ಟುವ ಜಿಎಸ್‌ಟಿ ಮಾತ್ರ ಒಂದೇ. ಸ್ವೀಡನ್‌ನಲ್ಲೂ ಆಸ್ತಿಯ ಉತ್ತರಾಧಿಕಾರದ ತೆರಿಗೆ ಈಗ ಇಲ್ಲ ಅಂತ ನೀನು ವಾದ ಮಾಡುತ್ತೀಯ, ಗೊತ್ತು. ನಿಜ. ಆದರೆ ಅಲ್ಲಿ ಶೇ 25 ವ್ಯಾಟ್ ಕಟ್ಟುವವನಿಗೆ ಮಗಳ ಕಾಲೇಜು ಪುಕ್ಕಟೆ, ಆಸ್ಪತ್ರೆಗೆ ಹೋದರೆ ಮನೆ ಮಾರಬೇಕಾಗಿಲ್ಲ. ದೊಡ್ಡ ಆಸ್ತಿಯ ಮೇಲೆ ತೆರಿಗೆ ಮತ್ತೆ ಬರಬೇಕು ಅನ್ನೋದು ನನ್ನ ಅಭಿಪ್ರಾಯ. ಗಂಜಿನಲ್ಲಿ ಇದನ್ನು ಜೋರಾಗಿ ಹೇಳುವ ಧೈರ್ಯ ನನಗಿಲ್ಲ, ಪಗಾರ ಕೊಡುವವರು ಪಕ್ಕದ ಗಾದಿಯಲ್ಲೇ ಕೂತಿರುತ್ತಾರೆ.

ನೀನು ಒಪ್ಪುವುದಿಲ್ಲ, ಗೊತ್ತಿದೆ. ಉದ್ದದ ಉತ್ತರ ಬೇಡ, ಒಂದು ವಿಷಯ ತಿಳಿದು ಹೇಳು. ನೀವು ಸಾಫ್ಟ್‌ವೇರ್ ಮಾಡಿಕೊಡುವ ಕಂಪನಿಗಳು ಆ ಕಲ್ಯಾಣ ಶುಲ್ಕವನ್ನು ಗಿರಾಕಿಯ ಬಿಲ್ಲಿಗೆ ಸೇರಿಸುತ್ತವೋ, ಹುಡುಗರ ಇನ್ಸೆಂಟಿವ್‌ನಲ್ಲಿ ಮುರಿದುಕೊಳ್ಳುತ್ತವೋ, ತಮ್ಮ ಲಾಭದಿಂದ ಕೊಡುತ್ತವೋ? ಕೋಡು ಬರೆಯುವವನು ನೀನೇ ಆದ್ದರಿಂದ ನಿನಗೆ ಗೊತ್ತಿರಲೇಬೇಕು.

ವೈನಿಯವರಿಗೆ ನಮಸ್ಕಾರ ಹೇಳು. ಹೊಸ ಬೇಳೆ ಬಸ್ಸಿಗೆ ಹಾಕಿ ಕಳಿಸುತ್ತೇನೆ, ವಿಳಾಸ ಬದಲಾಗಿದ್ದರೆ ತಿಳಿಸು.

ನಿನ್ನ,
ಗಂಜಿನ ದೋಸ್ತ